ಫ್ಯೂಜ್ ಡಬ್ಬಿಯೊಳಗಿನ ಗಂಟು

ಮೊನ್ನೆ ಮೊಮ್ಮಗಳ ಕುಂಚಿಗೆಗೆ ಗುಂಡಿ ಹಚ್ಚಲೆಂದು ಹೊಲಿಗೆಯ ಡಬ್ಬಿ ತೆಗೆದೆ. ಗುಂಡಿಗಳ ನಡುವೆ ಒಂದು ನೀಲಿ ಪ್ಲಾಸ್ಟಿಕ್ ಚೂರು ಕೈಗೆ ಬಂತು. ಹೆಬ್ಬೆರಳಿನ ಉಗುರಿನಷ್ಟು ಅಗಲ, ಕೆಳಗೆ ತಗಡಿನ ಎರಡು ಕಾಲು. ಒಂದು ಕಾಲು ನೆಟ್ಟಗಿತ್ತು, ಇನ್ನೊಂದನ್ನು ಹಸಿರು ಕಿಲುಬು ಅರ್ಧಕ್ಕೇ ತಿಂದುಹಾಕಿತ್ತು. ಕಾರಿನ ಫ್ಯೂಜು ಅದು. ಡಬ್ಬಿಯಲ್ಲಿ ಯಾರು ಹಾಕಿದರೋ, ನಾನೇ ಹಾಕಿದೆನೋ ನೆನಪಿಲ್ಲ. ನೋಡಿದ ಕೂಡಲೇ ಮಾತ್ರ ಸಿಟ್ಟು ನೆತ್ತಿಗೇರಿತು. ಅದೇ ಭರದಲ್ಲಿ ಸೂಜಿ ಬೆರಳಿಗೆ ಚುಚ್ಚಿತು. ಅದಕ್ಕೂ ಆ ಫ್ಯೂಜನ್ನೇ ಬೈದೆ.

ನನ್ನ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಂತೋಷವಾದರೆ ಬೇರೆಯವರು ನಗುತ್ತಾರೆ, ನಾಲ್ಕು ಮಂದಿಯನ್ನು ಕರೆದು ಚಹ ಕೊಡುತ್ತಾರೆ. ನನಗೆ ಸಂತೋಷವಾದರೆ ಸಿಟ್ಟು ಬರುತ್ತದೆ. ಮಗ ಬಸುವಿನ ಲಗ್ನದ ದಿನ ಅಡಿಗೆಯವರನ್ನು ಬೈದೆ, ಬ್ಯಾಂಡಿನವರನ್ನು ಬೈದೆ, ಅಕ್ಕಿಕಾಳು ಕೊಡುವುದು ತಡವಾಯಿತೆಂದು ಸ್ವಂತ ಅಣ್ಣನನ್ನು ಮಂಟಪದಲ್ಲೇ ಬೈದೆ. ರಾಯಬಾಗದಿಂದ ಫೋನು ಬಂದು, ಸೊಸೆ ಸುಜಾತಾ ಹಡೆದಳು, ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಆರಾಮ ಅಂತ ತಿಳಿದ ದಿನ ನಮ್ಮ ಓಣಿಯಲ್ಲಿ ನನ್ನ ಬಾಯಿಗೆ ಸಿಗದೆ ಉಳಿದವರು ಯಾರೂ ಇರಲಿಲ್ಲ. ಹಾಲು ಹಾಕಲು ಬಂದ ಗೌಳಿ, "ಆಯಿ, ಇವತ್ತ ನಿಮ್ಮ ಮನ್ಯಾಗ ಏನರ ಕೆಟ್ಟ ಸುದ್ದಿ ಐತೇನ್ರಿ?" ಅಂತ ಹೆದರುತ್ತ ಕೇಳಿದ. "ಮೊಮ್ಮಗಳು ಹುಟ್ಟ್ಯಾಳಲೇ, ಕಣ್ಣ ಕಾಣೂದಿಲ್ಲೇನ?" ಎಂದು ಅವನನ್ನೂ ಬೈದು ಕಳಿಸಿದೆ.

ಹುಟ್ಟಿದ್ದು ಸೊಸೆಯ ತವರಿನಲ್ಲಿ, ನಾನಿರುವುದು ನಿಪ್ಪಾಣಿಯಲ್ಲಿ. ಐದು ತಿಂಗಳಲ್ಲಿ ಕೂಸನ್ನು ಕಣ್ಣಾರೆ ನೋಡಿದ್ದು ಎರಡೇ ಸಲ. ಉಳಿದ ದಿನವೆಲ್ಲ ಫೋನಿನ ಪರದೆಯ ಮೇಲೆ. ನಮ್ಮ ಬೀಗತಿ ಶಾಂತಕ್ಕ ಫೋನು ಹಿಡಿದರೆ ಅದರಲ್ಲಿ ಅವರ ಮನೆಯ ತೊಲೆ ಕಾಣಿಸುತ್ತದೆ, ಗೋಡೆಯ ಕ್ಯಾಲೆಂಡರು ಕಾಣಿಸುತ್ತದೆ, ಒಮ್ಮೊಮ್ಮೆ ಶಾಂತಕ್ಕನ ಒಂದು ಕಿವಿ ಕಾಣಿಸುತ್ತದೆ. ಕೂಸು ಕಾಣಿಸುವುದಿಲ್ಲ. ನಾನು ಹಲ್ಲು ಕಚ್ಚಿಕೊಂಡು, "ಅಕ್ಕಾರ, ಸ್ವಲ್ಪ ಕೆಳಗ ಹಿಡೀರಿ" ಎಂದರೆ ನೆಲ ತೋರಿಸುತ್ತಿದ್ದಳು.

ಕಡೆಗೆ ಕೂಸನ್ನು ಕರೆತರುವ ದಿನ ಗೊತ್ತಾಯಿತು. ದಸರೆ ಕಳೆದ ಮೇಲಿನ ಒಂದು ಗುರುವಾರ. ಬೀಗರು ತಮ್ಮ ಸ್ವಾಮಿಗಳನ್ನು ಕೇಳಿ ಹೇಳಿ ಕಳಿಸಿದ್ದರು: ಹನ್ನೆರಡೂವರೆಯೊಳಗೆ ಕೂಸು ಸೊಸೆಯ ತವರಿನ ಹೊಸ್ತಿಲು ದಾಟಿ ಹೊರಡಬೇಕು. ಅದು ತಪ್ಪಿದರೆ ಮುಂದೆ ಒಂದೂವರೆ ತಿಂಗಳು ಒಳ್ಳೆಯ ದಿನವಿಲ್ಲ. ಒಂದೂವರೆ ತಿಂಗಳು. ಅಷ್ಟರಲ್ಲಿ ಕೂಸು ಮಗುಚಿಕೊಂಡು ತೆವಳಲು ಕಲಿಯುತ್ತದೆ, ಅದನ್ನೂ ನಾನು ಫೋನಿನಲ್ಲಿ ತೊಲೆಯ ಸಂಗಡ ನೋಡಬೇಕು.

"ಬಾಡಿಗಿ ಗಾಡಿ ಹೇಳ್ತೀನಿ ಬೇ. ನಮ್ಮದು ಅಷ್ಟ ದೂರ ಹೋಗಾಕ ಛಲೋ ಇಲ್ಲ" ಎಂದು ಬಸು ಮೊದಲೇ ಹೇಳಿದ್ದ.

ನಾನು ಕೇಳಲಿಲ್ಲ. ಶಾಂತಕ್ಕನ ಮುಂದೆ ಫೋನಿನಲ್ಲಿ ಆಡಿಬಿಟ್ಟಿದ್ದೆ, "ನಮ್ಮ ಕೂಸು ನಮ್ಮ ಗಾಡಿಯೊಳಗs ಬರ್ತೈತಿ" ಅಂತ. ಆಕೆ ಆ ಕಡೆಯಿಂದ, "ನಿಮ್ಮ ಗಾಡಿ ಇನ್ನೂ ನಡೀತೈತೇನ್ರಿ ಅಕ್ಕಾರ?" ಎಂದು ಬಹಳ ಮೆತ್ತಗೆ ಕೇಳಿದ್ದಳು. ಇಂಥ ಮಾತು ಕೇಳಿದ ಮೇಲೆ ಬಾಡಿಗೆ ಗಾಡಿಯಲ್ಲಿ ಹೋಗಿ ಇಳಿಯಲು ನಿಮಗಾದರೂ ಆಗುತ್ತಿತ್ತೇ?

ನಮ್ಮ ಗಾಡಿ ಅಂದರೆ ನಮ್ಮ ಯಜಮಾನರು ಕಾಲವಾಗುವ ಮೊದಲು ಯಾರದೋ ಕೈಯಿಂದ ತಗೊಂಡ ಹಳೆಯ ಬಿಳಿ ಕಾರು. ಈಗ ಬಿಳಿ ಅನ್ನುವುದು ಮರ್ಯಾದೆಯ ಮಾತು. ಅವರು ಅದನ್ನು ಎತ್ತಿನಂತೆ ನೋಡಿಕೊಂಡರು. ಬೆಳಿಗ್ಗೆ ಮೈ ಒರೆಸಿ, "ನಡೀ ಮಗನ" ಎಂದು ಬೆನ್ನು ತಟ್ಟಿಯೇ ಕೀಲಿ ತಿರುಗಿಸುವುದು. ಅವರಿರುವವರೆಗೆ ಅದು ಒಮ್ಮೆಯೂ ನಡುದಾರಿಯಲ್ಲಿ ನಿಲ್ಲಲಿಲ್ಲ. ಅವರು ಹೋದ ಮೇಲೆ ಅದಕ್ಕೆ ಕೊಬ್ಬು ಬಂತು ಎನ್ನುವುದು ನನ್ನ ಅಭಿಪ್ರಾಯ. ಆ ವರ್ಷದ ಮಳೆಗಾಲದಿಂದಂತೂ ಹಾರ್ನು ಒತ್ತಿದರೆ ವೈಪರು ತಿರುಗುತ್ತಿತ್ತು. ಎಡಕ್ಕೆ ಹೊರಳುವ ದೀಪ ಹಾಕಿದರೆ ಒಳಗಿನ ದೀಪ ಮಿಣುಕುತ್ತಿತ್ತು. ಬಸು ಮುಷ್ಟಿಯಿಂದ ಗುದ್ದಿದರೆ ಎಲ್ಲ ಸರಿಯಾಗುತ್ತಿತ್ತು, ಅದೂ ಎರಡು ದಿನ.

ಗುರುವಾರ ಎಂಟು ಗಂಟೆಗೆ ಹೊರಟೆವು. ಹಿಂದಿನ ಸೀಟಿಗೆ ಹೊಸ ಕೌದಿ ಹಾಸಿದ್ದೆ. ಚಿಕ್ಕೋಡಿ ದಾಟುವವರೆಗೆ ಗಾಡಿ ನಂಬಲಾಗದಷ್ಟು ಒಳ್ಳೆಯದಾಗಿ ನಡೆಯಿತು. ನಾನು ಬಸುವಿಗೆ, "ನೋಡಿದಿ? ನಿನಗ ನಂಬಿಗಿ ಇಲ್ಲ" ಎಂದು ಪಾಠ ಹೇಳುತ್ತಿದ್ದೆ. ಕಬ್ಬೂರ ಇನ್ನೇನು ಬಂತು ಅನ್ನುವಾಗ ವೈಪರು ತಾನಾಗಿಯೇ ಎರಡು ಸಲ ಎದ್ದು ಬಿತ್ತು. ಮಳೆ ಇಲ್ಲ, ಮೋಡ ಇಲ್ಲ, ಹಾರ್ನನ್ನು ಯಾರೂ ಮುಟ್ಟಿರಲಿಲ್ಲ. ಆಮೇಲೆ ಎಂಜಿನ್ನು ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಬಸು ಗುದ್ದಿದ. ಇಳಿದು ಒದ್ದ. ನಾನೂ ಇಳಿದು ಬಾಗಿಲಿಗೆ ಒಂದು ಕೊಟ್ಟೆ. ಒಂಬತ್ತೂವರೆ.

ಕಬ್ಬು ಹೇರಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ ನಮ್ಮನ್ನು ನೋಡಿದ. "ಅರ್ಧ ಮೈಲ ಮುಂದ ದಸ್ತಗೀರಂದು ಗ್ಯಾರೇಜ ಐತ್ರಿ, ಇಲೆಕ್ಟ್ರಿಕ್ ಕೆಲಸ ಅಂವಗ ಪಕ್ಕಾ" ಎಂದು ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ ಬಿಟ್ಟ. ಕಬ್ಬಿನ ಹಿಂದೆ ಹಗ್ಗದ ತುದಿಗೆ ನಮ್ಮ ಗಾಡಿ, ಒಳಗೆ ಹೊಸ ಇಳಕಲ್ ಸೀರೆ ಉಟ್ಟುಕೊಂಡು ನಾನು. ಆ ಅರ್ಧ ಮೈಲಿನಲ್ಲಿ ಸುಮ್ಮನೆ ಕೂಡಲಾಗದೆ ಬೈಯುವವರ ಪಟ್ಟಿ ಮಾಡಿದೆ. ಮೊದಲು ಬಸು: ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸುತ್ತಾನೆ, ಎಲೆಯೆಲ್ಲ ಒಳಗೆ ಬೀಳುತ್ತದೆ. ಆಮೇಲೆ ನಮ್ಮ ನಿಪ್ಪಾಣಿಯ ಇಲೆಕ್ಟ್ರಿಶನ್ ಅಪ್ಪಾಸಾಬ: ಮಳೆಗಾಲದಲ್ಲಿ ಇಲಿ ಕಡಿದ ವಾಯರು ಹೊಸದು ಹಾಕಿದವನು ಅವನೇ, ಏನು ಹಾಕಿದನೋ. ಆಮೇಲೆ ಇಲಿಗಳು. ಕಡೆಗೆ ಶಾಂತಕ್ಕ, ಅವಳ ದೃಷ್ಟಿಯೇ ತಾಗಿದ್ದು.

ನೆನೆದದ್ದಕ್ಕೆ ಅವಳದೇ ಫೋನು ಬಂತು.

"ಎಲ್ಲಿಗಿ ಬಂದೀರಿ ಅಕ್ಕಾರ? ಹೋಳಿಗಿಗೆ ಹೂರಣ ಇಟ್ಟೀನಿ."

"ಬಂದ್ವಿ, ಕಬ್ಬೂರ ದಾಟಾಕತ್ತೀವಿ" ಎಂದೆ. ದಾಟುವುದೇನೋ ದಾಟುತ್ತಿದ್ದೆವು, ಹಗ್ಗದಲ್ಲಿ.

ದಸ್ತಗೀರ ಐವತ್ತರ ಆಸುಪಾಸಿನ ಮನುಷ್ಯ, ಮಾತು ಕಡಿಮೆ, ಕಿವಿಯ ಮೇಲೆ ಒಂದು ಟೆಸ್ಟರು. ಬಾನೆಟ್ಟು ಎತ್ತಿ ಬ್ಯಾಟರಿಯ ವಾಯರು ಬಿಚ್ಚಿದ. ಅದರ ಮಗ್ಗುಲಲ್ಲಿ ಒಂದು ಕರಿ ಡಬ್ಬಿ. ಅದರ ಮುಚ್ಚಳ ಅರ್ಧ ಕುಳಿತಿತ್ತು, ಅರ್ಧ ಎದ್ದಿತ್ತು. ತೆಗೆದ. ಒಳಗೆ ನೋಡಿದ. ನನ್ನನ್ನು ನೋಡಿದ, ಬಸುವನ್ನು ನೋಡಿದ. ಆಮೇಲೆ ಎರಡು ಬೆರಳಿನಲ್ಲಿ ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವಂತೆ ಏನನ್ನೋ ಎತ್ತಿದ. ಅರಿವೆಯ ಒಂದು ಗಂಟು. ಕರ್ರಗೆ, ತೊಯ್ದು, ಹಿಂಡಿದರೆ ನೀರು ಬರುವಂತಿತ್ತು. ಮೂಸಿ ನೋಡಿದ.

"ತಂಬಾಕ" ಎಂದ. "ಫ್ಯೂಜಿನ ಡಬ್ಬಿಯೊಳಗ ತಂಬಾಕ. ಯಾವ ಪುಣ್ಯಾತ್ಮ ಇಟ್ಟಾನ್ರಿ ಇದನ್ನ?"

ಗಂಟು ಇದ್ದ ಕಡೆ ಫ್ಯೂಜುಗಳ ಕಾಲುಗಳೆಲ್ಲ ಹಸಿರಾಗಿದ್ದವು, ಕೆಲವು ಬಿಳಿ ಉಪ್ಪು ಹಿಡಿದಂತೆ. ಉಪ್ಪಿನಕಾಯಿ ಹಾಕಿ ಮರೆತ ಹಿತ್ತಾಳೆ ಬಟ್ಟಲಿನ ಹಾಗೆ. ನನ್ನ ಕಣ್ಣು ಅಲ್ಲಿ ನಿಲ್ಲಲಿಲ್ಲ, ಗಂಟಿನ ಅರಿವೆಯ ಮೇಲೆ ನಿಂತಿತು. ಕಡುಹಸಿರು ಅಂಚು, ಸಣ್ಣ ಚೌಕಳಿ. ನನ್ನ ಹಳೆಯ ಸೀರೆ. ಗಂಡಸರಿಗೆ ಮನೆಯ ಹೆಂಗಸರ ಸೀರೆಯ ಗುರುತು ಇರುವುದಿಲ್ಲ, ಆ ಹೊತ್ತಿಗೆ ಅದೊಂದು ಉಪಕಾರವಾಯಿತು.

ಇಲ್ಲಿ ಸ್ವಲ್ಪ ನಿಂತು ನನ್ನ ಹಿಂದಿನದನ್ನು ಹೇಳಬೇಕು, ಇಲ್ಲದಿದ್ದರೆ ನನ್ನ ಬುದ್ಧಿಗೇಡಿತನ ಎಷ್ಟು ಅಂತ ನಿಮಗೆ ತಿಳಿಯುವುದಿಲ್ಲ. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ಬಿಟ್ಟು ಹೋದದ್ದು ತಂಬಾಕಿನ ವಖಾರಿಗೆ. ನಿಪ್ಪಾಣಿಯಲ್ಲಿ ಆಗ ಓಣಿಗೊಂದು ವಖಾರಿ, ದೊಡ್ಡ ದೊಡ್ಡ ಗೋದಾಮು. ನನ್ನವ್ವ ಅಲ್ಲಿ ತಂಬಾಕು ಸಾಣಿಸುತ್ತಿದ್ದಳು. ಮೂಗಿಗೆ ಅರಿವೆ ಕಟ್ಟಿಕೊಂಡು ಹೆಂಗಸರು ಸಾಲಾಗಿ ಕೂತಿರುತ್ತಿದ್ದರು, ಮೇಲೆ ತೊಲೆಗೆ ಅವರ ಕೂಸುಗಳ ಜೋಳಿಗೆಗಳು. ಹೊಸದಾಗಿ ಬಂದವರು ಎಂಟು ದಿನ ಸೀನುತ್ತಿದ್ದರು. ಒಂಬತ್ತನೇ ದಿನ ಮೂಗು ಸೋಲುತ್ತಿತ್ತು. ನಾನೂ ಆ ಜೋಳಿಗೆಯಲ್ಲಿ ಮಲಗಿದವಳೇ. ನಮ್ಮ ಬಸುವೂ. ಮೂಗಿಗೆ ಬೇರೆ ಯಾವ ವಾಸನೆಯೂ ಸರಿಯಾಗಿ ಹತ್ತದಂತಾಗಿ ಎಷ್ಟೋ ವರ್ಷ ನಾನು ಸಾರಿಗೆ ಇಂಗು ಹಾಕಿದ್ದೇನೋ ಇಲ್ಲವೋ ಎಂದು ಯಜಮಾನರನ್ನು ಕೇಳುತ್ತಿದ್ದೆ.

ವಖಾರಿಯಲ್ಲಿ ನಮಗೆ ಕೆಲಸ ಕಲಿಸಿದವಳು ತಾನವ್ವ ಎಂಬ ಮುದುಕಿ. ಮೊದಲ ದಿನವೇ ಒಂದು ಒಣ ಎಲೆ ನನ್ನ ಮುಷ್ಟಿಯಲ್ಲಿಟ್ಟು ಹಿಚುಕಿಸಿದಳು. ಪುಡಿಪುಡಿಯಾಯಿತು. ಮರುದಿನ ನಸುಕಿನಲ್ಲಿ, ಮಂಜು ಬಿದ್ದ ಹೊತ್ತಿಗೆ, ಅದೇ ರಾಶಿಯ ಇನ್ನೊಂದು ಎಲೆ ಹಿಚುಕಿಸಿದಳು. ಅರಿವೆಯಂತೆ ಮಡಚಿತು, ಮುರಿಯಲಿಲ್ಲ. "ನೋಡಿದೇನ? ತಂಬಾಕ ಗಾಳ್ಯಾಗಿನ ನೀರ ಕುಡೀತೈತಿ. ಕುಡಕೊಂಡ ಕುಂದರ್ತೈತಿ" ಎಂದಳು. ರಾಶಿಯ ಹತ್ತಿರ ಕಬ್ಬಿಣದ ತೂಕದ ಕಲ್ಲು ಇಡಗೊಡುತ್ತಿರಲಿಲ್ಲ. ತೊಯ್ದ ತಂಬಾಕು ಕಬ್ಬಿಣವನ್ನೂ ತಿನ್ನುತ್ತದೆ ಎನ್ನುತ್ತಿದ್ದಳು. ಯಾರಾದರೂ ಮರೆತು ಇಟ್ಟರೆ ಆ ಕಲ್ಲು ಅವರ ಮಡಿಲಿಗೇ ಬರುತ್ತಿತ್ತು. ಅಕ್ಷರಕ್ಕಿಂತ ಮೊದಲು ನಾನು ಸರಿಯಾಗಿ ಕಲಿತ ವಿದ್ಯೆ ಇದೊಂದೇ. ನಲವತ್ತು ವರ್ಷ ಅದರ ಮೇಲೆಯೇ ಅನ್ನ ತಿಂದೆ.

ಅಂಥವಳು ಹೋಗಿ ಹೋಗಿ ಮಳೆಗಾಲದಲ್ಲಿ ಫ್ಯೂಜಿನ ಡಬ್ಬಿಯೊಳಗೆ ತಂಬಾಕು ಇಟ್ಟೆ. ಯಾಕೆಂದರೆ ಇಲಿ. ಸೊಸೆ ತವರಿಗೆ ಹೋದ ಮೇಲೆ ಇಲಿಯೊಂದು ಗಾಡಿಯಲ್ಲಿ ಸಂಸಾರ ಹೂಡಿ ವಾಯರು ಕಡಿದಿತ್ತು. ಕೂಸು ಕೂಡುವ ಗಾಡಿಯಲ್ಲಿ ಇಲಿ ಓಡಾಡಿದರೆ? ಕೂಸಿನ ಕಾಲು ಕಡಿದರೆ? ಕೂಸು ಆಗಿನ್ನೂ ಹುಟ್ಟಿ ಇಪ್ಪತ್ತು ದಿನವೂ ಆಗಿರಲಿಲ್ಲ, ಆದರೆ ನನಗೆ ನಿದ್ದೆ ಹೋಗಿತ್ತು. ತಂಬಾಕಿನ ಘಾಟಿಗೆ ಇಲಿ ಬರುವುದಿಲ್ಲ. ಪರಿಚಯದವರ ವಖಾರಿಯಿಂದ ಎರಡು ಬೊಗಸೆ ಪುಡಿ ತಂದು, ಹಳೆಯ ಸೀರೆ ಹರಿದು ನಾಲ್ಕು ಗಂಟು ಕಟ್ಟಿ, ಬಸು ಸಂತೆಗೆ ಹೋದಾಗ ಬಾನೆಟ್ಟು ಎತ್ತಿ ಎಲ್ಲೆಲ್ಲಿ ಸಂದು ಇತ್ತೋ ಅಲ್ಲಲ್ಲಿ ತುರುಕಿದೆ. ಆ ಕರಿ ಡಬ್ಬಿಯ ಮುಚ್ಚಳ ಸುಲಭವಾಗಿ ಎದ್ದಿತು. ಒಳಗೆ ಬಣ್ಣ ಬಣ್ಣದ ಚೂರುಗಳು, ಬೆಚ್ಚಗಿನ ಜಾಗ. ನಾನೇ ಇಲಿಯಾಗಿದ್ದರೆ ಇಲ್ಲೇ ಮರಿ ಹಾಕುತ್ತಿದ್ದೆ ಅನ್ನಿಸಿ ದೊಡ್ಡ ಗಂಟನ್ನು ಅಲ್ಲಿಯೇ ಒತ್ತಿದೆ. ಆಮೇಲೆ ಇಲಿ ಬರಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ.

ಇದೆಲ್ಲ ಗ್ಯಾರೇಜಿನ ಮುಂದೆ ಒಂದು ಕ್ಷಣದಲ್ಲಿ ತಲೆಯೊಳಗೆ ಓಡಿತು. ಬಾಯಿ ಮಾತ್ರ ಹೊರಳಲಿಲ್ಲ. ಬೆಳಗಿನಿಂದ ಸುಮ್ಮನಿರದ ಬಾಯಿ.

ಬಸು ಅಷ್ಟರಲ್ಲಿ ಫೋನು ಹಚ್ಚಿದ್ದ, ಅಪ್ಪಾಸಾಬನಿಗೆ. ಸ್ಪೀಕರಿನ ಮೇಲೆ ಹಾಕಿದ್ದ, ದಸ್ತಗೀರನೂ ಕೇಳಲಿ ಎಂದು.

"ಏನೋ ಅಪ್ಪಾಸಾಬ, ಡಬ್ಬಿಯೊಳಗ ತಂಬಾಕಿನ ಗಂಟ ಇಟ್ಟ ಮರತ ಬಿಟ್ಟಿ? ಚಟಾ ಮಾಡೂದಿದ್ರ ಕಿಸೇದಾಗ ಇಟ್ಕೋ. ನನ್ನ ಮಗಳನ ತರಾಕ ಹೊಂಟೀನಿ, ನಡುದಾರ್ಯಾಗ ನಿಂತೀನಿ. ನಿನ್ನ ಕೈಗೆ ಗಾಡಿ ಕೊಟ್ಟದ್ದs ತಪ್ಪಾತು."

ಆ ಕಡೆಯಿಂದ ಅಪ್ಪಾಸಾಬನ ದನಿ ಬಂತು. "ಬಸೂ, ನಾ ತಂಬಾಕ ಹಾಕೂದಿಲ್ಲಪಾ. ನಿಮ್ಮಪ್ಪ ಇದ್ದಾಗಿಂದ ಆ ಗಾಡಿ ನೋಡಾಕತ್ತೀನಿ. ಡಬ್ಬಿಯೊಳಗ ಯಾಕ ಗಂಟ ಇಡ್ಲಿ? ಹಂಗ ನಿನಗ ಅನಸಿದ್ರ ಇನ್ನ ಮ್ಯಾಲ ಬ್ಯಾರೇದವರ ಕಡೆ ತೋರಸು."

ಸಿಟ್ಟಿನ ದನಿಯಲ್ಲ ಅದು. ಸಿಟ್ಟಾಗಿದ್ದರೆ ನಾನು ಎದುರು ಸಿಟ್ಟು ಹಾಕಿ ಬಚಾವಾಗುತ್ತಿದ್ದೆ. ನೊಂದ ದನಿ. ಬಸು ಮತ್ತೆ ಬಾಯಿ ತೆರೆದ. ನಾನು ಅವನ ಕೈಯಿಂದ ಫೋನು ಕಸಿದುಕೊಂಡೆ.

"ಅಪ್ಪಾಸಾಬ, ನಾ ಮಾತಾಡಾಕತ್ತೀನಿ. ಗಂಟ ನಾ ಇಟ್ಟೀನಿ. ಇಲಿ ಬರಬಾರದಂತ ಇಟ್ಟೀನಿ. ನಿಂದೇನೂ ತಪ್ಪಿಲ್ಲ. ಇಂವಗ ಮಾತಾಡಾಕ ಬರೂದಿಲ್ಲ, ನೀ ಮನಸಿಗೆ ಹಚ್ಕೋಬ್ಯಾಡ."

"ನೀವ ಇಟ್ಟೀರಿ?" ಎಂದ ಅಪ್ಪಾಸಾಬ. "ವಖಾರಿಯೊಳಗ ನಲವತ್ತ ವರ್ಷ ತೆಗದ ನೀವ?"

"ಹೂಂ. ನಾನs."

"ಇರ್ಲಿ ಬಿಡ್ರಿ ಆಯಿ. ನನ್ನ ಸಿಟ್ಟ ಬ್ಯಾರೇನೇ ಐತಿ. ಮೊಮ್ಮಗಳು ಹುಟ್ಟಿ ಐದ ತಿಂಗಳಾತು, ಜಿಲೇಬಿ ಇನ್ನೂ ನನ್ನ ಅಂಗಡಿಗೆ ಮುಟ್ಟಿಲ್ಲ."

ಫೋನು ಇಟ್ಟು ಬಸುವಿನ ಮುಖ ನೋಡಿದೆ. ಅವನು ಬೈಯಲಿ ಎಂದು ಕಾದೆ. ಅವನು ಬೈಯಲಿಲ್ಲ, ಗಂಟನ್ನೇ ನೋಡುತ್ತ ನಿಂತ. ದಸ್ತಗೀರ ತಲೆ ಎತ್ತದೆ ಹೇಳಿದ:

"ಇಲಿ ಬಂದಿದ್ರ ಎರಡ ವಾಯರ ತಿಂತಿತ್ರಿ ಆಯಿ. ಇದು ಪೂರಾ ಡಬ್ಬಿ ತಿಂದೈತಿ."

ಹನ್ನೊಂದು ಹೊಡೆದಿತ್ತು. ಅವನು ಒಂದೊಂದೇ ಫ್ಯೂಜು ಕಿತ್ತು ಅಂಗೈ ಮೇಲೆ ಇಟ್ಟು, ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಕಿಲುಬು ಉದುರಿಸಿ, ಸಂದುಗಳಿಗೆ ಸ್ಪ್ರೇ ಹೊಡೆದು ಒರೆಸುತ್ತಿದ್ದ. ಆ ನಿಧಾನ ನೋಡಿ ನನ್ನ ಕೈ ತುರಿಸಿತು. ಹಿತ್ತಾಳೆಯ ಕಿಲುಬು ತೆಗೆಯುವುದು ನನಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ?

"ದಸ್ತಗೀರ, ಹುಣಸಿಹಣ್ಣು ಉಪ್ಪು ಹಚ್ಚಿ ತಿಕ್ಕಿದ್ರ ಎರಡ ಮಿನಿಟಿನಾಗ ಹೋಗ್ತೈತಿ. ಯಾರ ಮನ್ಯಾಗರ ಇಸ್ಕೊಂಡ ಬರ್ಲೇನ?"

"ಆಯಿ," ಎಂದ ಅವನು, ಬಹಳ ಮರ್ಯಾದೆಯಿಂದ, "ಇನ್ನೊಂದ ಉಪಕಾರ ಮಾಡಬ್ಯಾಡ್ರಿ. ಆ ಕುರ್ಚಿ ಮ್ಯಾಲ ಕುಂದರ್ರಿ."

ಕುಂತೆ. ಶಾಂತಕ್ಕನ ಫೋನು ಎರಡು ಸಲ ಬಂತು, ಎತ್ತಲಿಲ್ಲ.

ಹನ್ನೊಂದೂ ನಲವತ್ತಕ್ಕೆ ದಸ್ತಗೀರ ಕೈ ಒರೆಸಿಕೊಂಡ. "ಡಬ್ಬಿ ಹೊಸಾದ ಹಾಕಬೇಕ್ರಿ, ಅದು ಇವತ್ತ ಸಿಗೂದಿಲ್ಲ. ಈ ಸ್ಟಾರ್ಟ ಆಗೂ ಫ್ಯೂಜಿನ ಮನಿ ಕೊಳತ ಹೋಗೈತಿ. ನಾ ವಾಯರ ಮುಟ್ಟಿಸಿ ಸುರು ಮಾಡಿ ಕೊಡ್ತೀನಿ. ನಿಪ್ಪಾಣಿ ಮುಟ್ಟೂತನ ಎಂಜಿನ್ ಬಂದ ಮಾಡಬ್ಯಾಡ್ರಿ. ಬಂದ ಮಾಡಿದ್ರ ಅಲ್ಲೇ ವಸ್ತಿ."

ಒಂದು ಕಿಡಿ ಹಾರಿತು, ಗಾಡಿ ಗರ್ಜಿಸಿತು. ದಸ್ತಗೀರನ ಕೈಗೆ ಏನು ಕೊಟ್ಟೆವೋ, ಹೇಗೆ ಹತ್ತಿದೆವೋ ನೆನಪಿಲ್ಲ. ಕಬ್ಬಿನ ಗಾಡಿಗಳನ್ನು ಹಿಂದೆ ಹಾಕುವಾಗ ಹಾರ್ನು ಒತ್ತಿದರೆ ಹಾರ್ನೇ ಆಗುತ್ತಿತ್ತು. ಅದಕ್ಕೇ ನನಗೆ ಕಣ್ಣಲ್ಲಿ ನೀರು ಬಂತು.

ರಾಯಬಾಗ ಮುಟ್ಟಿದಾಗ ಹನ್ನೆರಡೂ ಹತ್ತು. ಶಾಂತಕ್ಕ ಬಾಗಿಲಲ್ಲೇ ಇದ್ದಳು, ಕೈಯಲ್ಲಿ ಆರತಿಯ ತಟ್ಟೆ.

"ಬರ್ರಿ ಬರ್ರಿ, ಗಾಡಿ ಬಂದ ಮಾಡ್ರಿ, ಕಾಲ ತೊಳ್ಕೋರಿ."

"ಬಂದ ಮಾಡಾಕ ಬರೂದಿಲ್ಲ ಅಕ್ಕಾರ" ಎಂದೆ. "ಬಂದ ಮಾಡಿದ್ರ ಮತ್ತ ಸುರು ಆಗೂದಿಲ್ಲ. ಕೂಸಿನ ಕೊಡ್ರಿ, ಹೊಂಡ್ತೀವಿ."

"ಅಂದ್ರ ಊಟ? ಹೋಳಿಗಿ ಮಾಡೀನಿ, ಮುಂಜಾನಿ ನಾಕಕ್ಕ ಎದ್ದೀನಿ."

"ಹನ್ನೆರಡೂವರಿ ಅಂತ ಹೇಳಿದವರು ನೀವs."

ಬಸು ಒಳಗೆ ಕೂತು ಆಕ್ಸಿಲೇಟರ್ ಒತ್ತಿ ಹಿಡಿದಿದ್ದ. ಗಾಡಿ ನಡುಗುತ್ತಿತ್ತು, ಹಿಂದಿನಿಂದ ಹೊಗೆ ಬರುತ್ತಿತ್ತು, ಓಣಿಯ ಮಂದಿ ಕೂಡಿದ್ದರು. ಸುಜಾತಾ ಕೂಸನ್ನು ಎತ್ತಿಕೊಂಡು ಹೊಸ್ತಿಲಲ್ಲಿ ನಿಂತಳು. ಶಾಂತಕ್ಕ ಆರತಿ ಬೆಳಗಿದಳು, ಉಡಿ ತುಂಬಿದಳು. ಎರಡು ತಾಸು ಮಾಡಬೇಕಾದ್ದನ್ನು ಐದು ಮಿನಿಟಿನಲ್ಲಿ ಮಾಡುವಾಗ ಅವಳ ಕೈಯಿಂದ ಅಕ್ಕಿ ಚೆಲ್ಲಿತು. ಬಗ್ಗಿ ಆರಿಸಲು ಹೋದಳು, ಆರಿಸದೆ ಎದ್ದಳು. ಸುಜಾತಾ ಹೊಸ್ತಿಲು ದಾಟಿದಳು. ಹನ್ನೆರಡೂ ಇಪ್ಪತ್ತು. ಗೆದ್ದೆ ಅಂದುಕೊಂಡೆ. ಐದು ತಿಂಗಳಿಂದ ಕಾದ ಗೆಲುವು.

ಕೂಸನ್ನು ನನ್ನ ತೋಳಿಗೆ ಕೊಟ್ಟರು. ಬೆಚ್ಚಗಿತ್ತು, ನಾನು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಗಾಡಿಯಲ್ಲಿ ಕೂತು ಬಾಗಿಲು ಹಾಕಿಕೊಳ್ಳಲು ಹೋದೆ. ಬಾಗಿಲು ಬರಲಿಲ್ಲ. ಶಾಂತಕ್ಕ ಅಲ್ಲಿ ನಿಂತಿದ್ದಳು. ಬರಿಗಾಲಲ್ಲಿ ಇದ್ದಳು. ಸೆರಗಿಗೆ ಹೂರಣ ಹತ್ತಿತ್ತು. ಕೂಸಿನ ಕುಂಚಿಗೆಯ ಒಂದು ತುದಿ ಅವಳ ಬೆರಳುಗಳ ನಡುವೆ ಇತ್ತು, ಅದನ್ನು ಬಿಡಬೇಕೆಂದು ಅವಳಿಗೆ ಗೊತ್ತೇ ಆಗಿರಲಿಲ್ಲ. ಐದು ತಿಂಗಳು ದಿನಾ ಆ ಕೂಸಿಗೆ ಎಣ್ಣೆ ತೀಡಿ ಎರೆದ ಕೈ ಅದು. ಇನ್ನು ಐದು ಮಿನಿಟಿಗೆ ಅವಳು ಒಳಗೆ ಹೋಗಿ ಒಂದು ಬುಟ್ಟಿ ಹೋಳಿಗೆಯ ಮುಂದೆ ಕೂಡುತ್ತಾಳೆ.

ನನಗೆ ತಡೆಯಲಾರದಷ್ಟು ಸಿಟ್ಟು ಬಂತು.

"ಏನ ನೋಡ್ಕೋತ ನಿಂತೀರಿ? ಹತ್ರಿ ಒಳಗ."

"ನಾನ?"

"ಮತ್ತ ಯಾರ? ಕೂಸಿಗೆ ನಾಳೆ ಎರಿಯಾಕ ನನ್ನ ಕೈ ರೂಢಿ ಇಲ್ಲ. ಒಂದ ಎಂಟ ದಿನ ಇದ್ದು ತೋರಿಸಿ ಕೊಡ್ರಿ."

"ಚಪ್ಪಲಿ..."

"ನಮ್ಮೂರಾಗ ಚಪ್ಪಲಿ ಸಿಗ್ತಾವ. ಹೋಳಿಗಿ ಡಬ್ಬಿಗೆ ತುಂಬಾಕ ಹೇಳ್ರಿ ಯಾರಿಗರ. ಜಲ್ದಿ ಹತ್ರಿ, ಗಾಡಿ ಬಂದ ಆಗ್ತೈತಿ."

ಹತ್ತಿದಳು. ಸುಜಾತಾ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಹೋಳಿಗೆಯ ಡಬ್ಬಿ. ಹಿಂದೆ ನಾವಿಬ್ಬರು ಬೀಗತಿಯರು, ನಡುವೆ ಕೌದಿಯ ಮೇಲೆ ಕೂಸು. ಊರು ದಾಟಿದ ಮೇಲೆ ಕೂಸು ಕಣ್ಣು ತೆರೆಯಿತು. ನಾನು ಬಗ್ಗಿ, ಯಾರಿಗೂ ಕೇಳಿಸದಂತೆ ಏನೇನೋ ಹೆಸರಿನಿಂದ ಕರೆದು, ನನ್ನ ಬೆರಳು ಮುಂದೆ ಚಾಚಿದೆ. ಅದು ನನ್ನ ಬೆರಳನ್ನು ನೋಡಿತು. ನನ್ನ ಮುಖ ನೋಡಿತು. ಒಂದು ಆಕಳಿಕೆ ತೆಗೆದು ಆ ಕಡೆ ಹೊರಳಿ ಶಾಂತಕ್ಕನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡು ಮಲಗಿತು.

ನಿಪ್ಪಾಣಿ ಬರುವವರೆಗೆ ನಾನು ಯಾರ ಸಂಗಡವೂ ಮಾತಾಡಲಿಲ್ಲ.